ಷಣ್ಮುಖಪ್ಪನವರು ಲ್ಯಾಪ್‌ಟಾಪ್ ನೋಡಲು ಬಂದದ್ದು

ಅಜ್ಜಂಪುರದ ಕಡೆ ಎತ್ತು ಕೊಳ್ಳುವವರು ಮೊದಲು ಷಣ್ಮುಖಪ್ಪನವರ ಮನೆಗೆ ಹೋಗುತ್ತಾರೆ. ಅವರು ಜೊತೆಗೆ ಬಂದು, ಹಲ್ಲು ನೋಡಿ, ಸುಳಿ ನೋಡಿ, ಗಾಡಿಗೆ ಭಾರ ಹೇರಿ ನಡೆಸಿ, ಆಮೇಲೆ ಒಪ್ಪಬೇಕು. ಅವರು ಬೇಡವೆಂದ ಎತ್ತನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಈಗ ಟ್ರ್ಯಾಕ್ಟರುಗಳು ಬಂದು ಎತ್ತು ಕಡಿಮೆಯಾಗಿವೆ, ಅವರ ಮಾತಿನ ತೂಕ ಮಾತ್ರ ಇಳಿದಿಲ್ಲ. ಹಾಗಾಗಿಯೇ ಮೊಮ್ಮಗಳು ಕೃತಿಕಾಗೆ ಲ್ಯಾಪ್‌ಟಾಪ್ ತರಬೇಕಾದಾಗ ಮನೆಯವರು ಅವರನ್ನೇ ಮುಂದೆ ಮಾಡಿ ಕಡೂರಿನ ನನ್ನ ಅಂಗಡಿಗೆ ಕಳಿಸಿದರು.

ಕೃತಿಕಾ ಸಿವಿಲ್ ಡಿಪ್ಲೊಮಾ ಮುಗಿಸಿದ್ದಳು. ತರೀಕೆರೆಯ ಎಂಜಿನಿಯರೊಬ್ಬರು ಮನೆಗಳ ತ್ರೀ-ಡಿ ನಕ್ಷೆ ಮಾಡುವ ಕೆಲಸ ಕೊಡಲು ಒಪ್ಪಿದ್ದರು. ಲ್ಯಾಪ್‌ಟಾಪ್ ಅವಳದೇ ಆಗಿರಬೇಕು, ಸೋಮವಾರದಿಂದಲೇ ಶುರು. ತಪ್ಪು ಲ್ಯಾಪ್‌ಟಾಪ್ ಕೊಂಡರೆ ಕೆಲಸ ಕೈತಪ್ಪುತ್ತದೆ, ಮನೆಯಲ್ಲಿ ಇನ್ನೊಂದು ಕೊಡಿಸುವುದಿಲ್ಲ. ಅಜ್ಜ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಇಷ್ಟನ್ನೂ ನನ್ನ ಕಿವಿಯಲ್ಲಿ ಉಸುರಿದಳು.

ನನಗೆ ತಾಳ್ಮೆ ಕಡಿಮೆ. ರ‍್ಯಾಮ್ ಎಂದರೇನು ಎಂದು ಗಿರಾಕಿ ಎರಡನೇ ಸಲ ಕೇಳಿದರೆ ನನ್ನ ದನಿ ಏರುತ್ತದೆ. ಈ ಯಜಮಾನರೋ ಬಿಡುವವರಲ್ಲ. ಎಸ್‌ಎಸ್‌ಡಿ ಅಂದರೆ ರಾಗಿ ತುಂಬಿಡುವ ಕಣಜ, ರ‍್ಯಾಮ್ ಅಂದರೆ ಹರಡಿಕೊಂಡು ಒಕ್ಕುವ ಕಣ, ಕಣ ಚಿಕ್ಕದಾದರೆ ಕಣಜ ಎಷ್ಟು ದೊಡ್ಡದಿದ್ದು ಏನು ಬಂತು ಎಂದೆ. ಅದು ಅವರಿಗೆ ಹಿಡಿಸಿತು. ಗ್ರಾಫಿಕ್ಸ್ ಕಾರ್ಡ್ ಚಿತ್ರದ ಕೆಲಸಕ್ಕೆಂದೇ ಇರುವ ಬೇರೆ ಭಾಗ ಎಂದದ್ದಕ್ಕೂ ತಲೆಯಾಡಿಸಿದರು. ಎಲ್ಲ ಕೇಳಿ, ಭಾರ ಹೇರಿ ತೋರಿಸಬೇಕೆಂದು ಕೂತರು. ನಾನು ದಪ್ಪನೆಯದೊಂದು, ಅದಕ್ಕಿಂತ ಅಗ್ಗದ ತೆಳ್ಳನೆಯದೊಂದು ಮೇಜಿನ ಮೇಲಿಟ್ಟೆ.

ಕೃತಿಕಾ ಪೆನ್‌ಡ್ರೈವ್‌ನಲ್ಲಿ ತಂದಿದ್ದ ಎರಡಂತಸ್ತಿನ ಮನೆಯ ನಕ್ಷೆಯನ್ನು ದಪ್ಪನೆಯ ಲ್ಯಾಪ್‌ಟಾಪಿನಲ್ಲಿ ತೆರೆದಳು. ಹದಿನಾರು ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಅವಳಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಒಳಗಿನ ಫ್ಯಾನ್ ಬುಸ್ಸೆಂದು ತಿರುಗತೊಡಗಿತು. ಷಣ್ಮುಖಪ್ಪನವರು ಪಕ್ಕಕ್ಕೆ ಅಂಗೈ ಹಿಡಿದು ನೋಡಿ ಮುಖ ಕಿವುಚಿದರು.

"ಏದುಸಿರು ಬಿಡ್ತೈತೆ. ಬೇಡ. ಆ ತೆಳ್ಳಂದು ಕೊಡವ್ವ."

ನನಗೆ ಮೈಯೆಲ್ಲ ಉರಿಯಿತು. ಒಳಗಿನ ಬಿಸಿಯನ್ನು ಫ್ಯಾನ್ ಹೊರಗೆ ತಳ್ಳಲೇಬೇಕು, ಅದು ರೋಗವಲ್ಲ ಎಂದು ಗಂಟಲು ಹರಿದುಕೊಂಡೆ. ದುಬಾರಿಯದನ್ನು ತಲೆಗೆ ಕಟ್ಟುತ್ತಿದ್ದಾಳೆ ಅಂದುಕೊಂಡರೋ ಏನೋ, ಕಿವಿಗೇ ಹಾಕಿಕೊಳ್ಳಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿ ಎದ್ದರು.

ಕೃತಿಕಾಳ ಮುಖ ಸಪ್ಪಗಾಯಿತು. ಅಜ್ಜನ ಮಾತಿಗೆ ಎದುರಾಡಿದವರು ಆ ಮನೆಯಲ್ಲಿ ಇಲ್ಲ. ಬಾಯಿ ಬಿಡೇ ಹುಡುಗಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವಳು ಪೆನ್‌ಡ್ರೈವ್ ಕಿತ್ತು ತೆಳ್ಳನೆಯದಕ್ಕೆ ಚುಚ್ಚಿ ಅದೇ ನಕ್ಷೆಯನ್ನು ತೆರೆದಳು. ಸದ್ದೇ ಇಲ್ಲ. ಮನೆಯೂ ಇಲ್ಲ. ಪರದೆಯ ಮೇಲೆ ಬರೀ ಒಂದು ಚಕ್ರ ಸುತ್ತುತ್ತಿತ್ತು. ಆ ಕಡೆ ದಪ್ಪನೆಯದರಲ್ಲಿ ಆಗಲೇ ತೆರೆದಿದ್ದ ಮನೆಯನ್ನು ಅವಳು ಬೆರಳಲ್ಲಿ ಹಿಂದೆ ಮುಂದೆ ತಿರುಗಿಸಿ ತೋರಿಸಿದಳು.

"ಅಜ್ಜ, ಈ ತೆಳ್ಳಂದು ಏದುಸಿರು ಬಿಡ್ತಿಲ್ಲ, ನಿಜ," ಎಂದಳು. "ಯಾಕಂದ್ರೆ ಇದು ಎಳೀತಾನೇ ಇಲ್ಲ."

ಷಣ್ಮುಖಪ್ಪನವರು ಮತ್ತೆ ಕೂತರು. ಚಕ್ರವನ್ನು ನೋಡಿದರು, ಮನೆಯನ್ನು ನೋಡಿದರು. ಇನ್ನೊಮ್ಮೆ ತಿರುಗಿಸೆಂದರು, ತಿರುಗಿಸಿದಳು. ಈಗ ಬಯ್ಯುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಹೆಂಡತಿ ಕಲ್ಲಮ್ಮ, ಯಾವುದನ್ನು ಆರಿಸಿದಿರಿ ಎಂದು ಕೇಳಲು ಮಾಡಿದ್ದರು. ಇವರು ಇಡೀ ಅಂಗಡಿಗೆ ಕೇಳುವಂತೆ ಉತ್ತರ ಕೊಟ್ಟರು.

"ನಂಗೆ ಗೊತ್ತಾಗ್ಲಿಲ್ಲ ಕಣೇ. ನಾನು ಬ್ಯಾಡಾದ್ದು ಹಿಡ್ಕೊಂಡಿದ್ದೆ. ಕೃತಿಕಾ ನೋಡಿದ್ಲು, ಅವಳು ಹೇಳಿದ್ದೇ ತರೋದು."

ಕೃತಿಕಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ದಪ್ಪನೆಯದನ್ನು ಪ್ಯಾಕ್ ಮಾಡಿಕೊಡಿ ಎಂದು ನನಗೆ ಹೇಳಿದಳು.