ಸೋಮವಾರದ ಬೋಳು ಕೈ

ಯಂತ್ರದ ಮುಂದೆ ನಿಲ್ಲುವ ಮೊದಲು ಬಳೆ ತೆಗೆಯಬೇಕು. ಕೊಡಿಯಾಲ್‌ಬೈಲಿನ ಗ್ಲ್ಯಾಡಿಸ್ ಬಾಯಿಯವರ ಮನೆಯಲ್ಲಿ ಅದು ಮೊದಲನೆಯ ಕಟ್ಟಳೆ. ಆ ಒಂದು ಕಟ್ಟಳೆಗಾಗಿಯೇ ದೇಯಿಗಿಂತ ಮುಂಚೆ ಕೆಲಸಕ್ಕೆಂದು ಬಂದ ಇಬ್ಬರು ಹೆಂಗಸರು ಅಂಗಳದಿಂದಲೇ ಹಿಂದೆ ಹೋಗಿದ್ದರು. ಅವರಲ್ಲಿ ಒಬ್ಬಳು ಗೇಟಿನ ಹತ್ತಿರ ತಿರುಗಿ ನಿಂತು ಕೇಳಿದ್ದಳಂತೆ: "ಬಟ್ಟೆ ಒಗೀಲಿಕ್ಕೆ ಬಂದವಳು ಗಂಡನನ್ನು ಕೊಂದು ಹೋಗ್ಬೇಕಾ ಬಾಯಮ್ಮ?"

ಅದು ಸಾವಿರದ ಒಂಬೈನೂರ ಮೂವತ್ತೇಳರ ಮಾತು. ಆ ಓಣಿಗೆ ಕರೆಂಟು ಬಂದು ಹೆಚ್ಚು ದಿನವಾಗಿರಲಿಲ್ಲ. ಗ್ಲ್ಯಾಡಿಸ್ ಬಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅವರ ತಾಯಿ ಹಾಸಿಗೆ ಹಿಡಿದಿದ್ದರು. ಸೋಮವಾರ ಒಗೆಯುವ ದಿನ ಬಂದಾಗ ಹಾಸಿಗೆಯ ಬಟ್ಟೆಯೇ ಒಂದು ರಾಶಿಯಾಗುತ್ತಿತ್ತು. ಆ ಕಷ್ಟ ಕೇಳಿ ನೈರೋಬಿಯಲ್ಲಿದ್ದ ತಮ್ಮ ಹಡಗಿನಲ್ಲಿ ಒಂದು ಬಟ್ಟೆ ಒಗೆಯುವ ಯಂತ್ರ ಕಳುಹಿಸಿದ್ದ. ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಪೀಪಾಯಿ, ಅದರ ಹೊಟ್ಟೆಯಡಿಯಲ್ಲಿ ಮೋಟಾರು. ಪೀಪಾಯಿಯ ಮೇಲೆ ಒಂದರ ಮೇಲೊಂದು ಒತ್ತಿಕೊಂಡು ತಿರುಗುವ ಎರಡು ರಬ್ಬರಿನ ಉರುಳೆಗಳು. ಒಗೆದ ಬಟ್ಟೆಯ ತುದಿಯನ್ನು ಅವುಗಳ ನಡುವೆ ಕೊಟ್ಟರೆ ಸಾಕು, ನೀರೆಲ್ಲ ಹಿಂಡಿ ಆಚೆ ಬದಿಗೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಬೀಳುತ್ತಿತ್ತು. ಬಟ್ಟೆ ಯಾವುದು, ಬೆರಳು ಯಾವುದು ಎಂದು ಉರುಳೆಗಳಿಗೆ ತಿಳಿಯುವುದಿಲ್ಲ. ಬಳೆ ತೆಗೆಯಬೇಕಾದದ್ದು ಅದಕ್ಕೆ.

ದೇಯಿ ಆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತಾರು. ಕುದ್ರೋಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡ ಗುರುವಪ್ಪ ಬಂದರಿನ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ಸರಕಿನ ಹಡಗಿನಲ್ಲಿ, ಕಲಾಸಿಯಾಗಿದ್ದ. ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಹಂಚು ತುಂಬಿದ ಮಂಜಿ ಕಾಠಿಯಾವಾಡದ ಕಡೆಗೆ ಹೊರಟಿತ್ತು. ಮಳೆ ಹಿಡಿಯುವ ಮೊದಲು ಮರಳಬೇಕಿತ್ತು, ಮರಳಲಿಲ್ಲ. ಹೊರಡುವ ಮುಂಚಿನ ದಿನ ಗುರುವಪ್ಪ ಅವಳನ್ನು ಬಳೆಯವನ ಹತ್ತಿರ ಕೂರಿಸಿ ಕೈಗೆ ನಾಲ್ಕರಂತೆ ಹಸಿರು ಗಾಜಿನ ಬಳೆ ಹಾಕಿಸಿದ್ದ. "ಕೈ ದಪ್ಪ ಮಾಡ್ಕೊಳ್ಬೇಡ ಮಾರಾಯ್ತಿ. ಬಂದು ಹೊಸತು ಹಾಕಿಸುವಾಗ ಇದನ್ನು ಒಡೆದೇ ತೆಗೀಬೇಕಾದೀತು" ಎಂದು ನಕ್ಕಿದ್ದ.

ಅದೇ ಮಂಜಿಯಲ್ಲಿ ಹೋದ ಇತರರ ಮನೆಗಳಲ್ಲಿ ಒಂದೊಂದಾಗಿ ಬೊಜ್ಜದ ಉತ್ತರಕ್ರಿಯೆ ಮುಗಿದಿತ್ತು. ಗುರುವಪ್ಪನ ಅಕ್ಕ ಹೇಮಾಕ್ಷಿ ಪ್ರತಿ ವರ್ಷ ಬೈಕಂಪಾಡಿಯ ತನ್ನ ಮನೆಯಿಂದ ನಡೆದು ಬಂದು ದೇಯಿಯ ಜಗಲಿಯಲ್ಲಿ ಕೂರುತ್ತಿದ್ದಳು. "ಬೊಜ್ಜ ಮಾಡುವ ದೇಯಿ. ಅವನನ್ನು ಹಿರಿಯರ ಜೊತೆ ಸೇರಿಸುವ. ಅಲ್ಲಿಯವರೆಗೆ ಅವನಿಗೆ ಬಾಯಿಗೆ ನೀರಿಲ್ಲ."

"ಬದುಕಿದ್ದವರಿಗೆ ಯಾರಾದ್ರೂ ಬೊಜ್ಜ ಮಾಡ್ತಾರಾ ಅತ್ತಿಗೆ?" ಎನ್ನುತ್ತಿದ್ದಳು ದೇಯಿ. ಹೇಮಾಕ್ಷಿ ಅವಳ ಕೈಯ ಹಸಿರು ಬಳೆಗಳನ್ನು ನೋಡಿ, ಕೊಟ್ಟ ಬೆಲ್ಲನೀರು ಕುಡಿದು, ಎದ್ದು ಹೋಗುತ್ತಿದ್ದಳು. ಹೆಂಡತಿ ಒಪ್ಪದೆ ಆ ಕ್ರಿಯೆ ಮಾಡುವ ಹಾಗಿರಲಿಲ್ಲ. ಗುರುವಪ್ಪ ಬದುಕಿದ್ದಾನೆ ಎನ್ನಲು ದೇಯಿಯ ಹತ್ತಿರ ಆ ಎಂಟು ಬಳೆಗಳ ಹೊರತು ಬೇರೇನೂ ಇರಲಿಲ್ಲ.

ಹಾಗಾಗಿ ಮೊದಲ ಸೋಮವಾರ ಗ್ಲ್ಯಾಡಿಸ್ ಬಾಯಿ ಬಳೆ ತೆಗೆಯಲು ಹೇಳಿದಾಗ ಅವಳು ತಲೆ ತಗ್ಗಿಸಿ ನಿಂತಳು. ಬಳೆ ತೊಡಿಸುವವನು ಕೂಡ ಹಳೆಯದೊಂದನ್ನು ಕೈಯಲ್ಲಿ ಉಳಿಸಿಯೇ ಹೊಸತು ಏರಿಸುತ್ತಾನೆ. ಗಂಡನಿರುವವಳ ಕೈ ಒಂದು ಗಳಿಗೆಯೂ ಬೋಳಾಗಿರಬಾರದು.

"ನನ್ನ ಕೈ ನೋಡು" ಎಂದು ಗ್ಲ್ಯಾಡಿಸ್ ಬಾಯಿ ತಮ್ಮ ಎರಡೂ ಕೈ ಮುಂದೆ ಚಾಚಿದರು. "ಬೋಳೇ ಉಂಟು. ನನಗೆಂತ ಆಗಿದೆ?"

"ನಿಮ್ಮದು ಬೇರೆ ಬಾಯಮ್ಮ. ನಿಮಗೆ ಕಾಯ್ಲಿಕ್ಕೆ ಯಾರೂ ಇಲ್ಲವಲ್ಲ."

ಅಂದ ಮೇಲೆ ದೇಯಿ ನಾಲಿಗೆ ಕಚ್ಚಿಕೊಂಡಳು. ಗ್ಲ್ಯಾಡಿಸ್ ಬಾಯಿ ಕೈ ಹಿಂದೆ ತೆಗೆದುಕೊಂಡರು. "ಹೌದು ಮಾರಾಯ್ತಿ, ಅದೂ ಸರಿಯೇ" ಎಂದು ಯಂತ್ರದ ಜೊತೆ ಬಂದಿದ್ದ ಪುಸ್ತಕ ಬಿಡಿಸಿ ಕೂತರು.

ಅಂದು ದೇಯಿ ಏಳು ಬಳೆ ತೆಗೆದಳು. ಎಡಗೈಯಲ್ಲಿ ಒಂದನ್ನು ಉಳಿಸಿ ಮೇಲಿಂದ ಬಟ್ಟೆ ಸುತ್ತಿಕೊಂಡಳು. ಯಾರಿಗೂ ಕಾಣಲಿಲ್ಲ. ಎರಡು ವಾರ ಏನೂ ಆಗಲಿಲ್ಲ. ಮೂರನೆಯ ಸೋಮವಾರ, ಹಾಸಿಗೆ ಬಟ್ಟೆಯ ಅಂಚಿನ ಜೊತೆ ಆ ಸುತ್ತಿದ ಬಟ್ಟೆಯ ತುದಿಯೂ ಉರುಳೆಗಳ ನಡುವೆ ಹೋಯಿತು. ಕೈ ಹಿಂದೆ ಎಳೆದಳು. ಯಂತ್ರ ಮುಂದೆ ಎಳೆಯಿತು. ಬಳೆ ಚಟ್ಟೆಂದು ಒಡೆದು ಗಾಜು ಮಣಿಕಟ್ಟಿಗೆ ನಾಟಿತು. ಅವಳ ಕೂಗಿಗೆ ಓಡಿ ಬಂದ ಗ್ಲ್ಯಾಡಿಸ್ ಬಾಯಿ ಉರುಳೆಗಳ ಮೇಲಿದ್ದ ಕಬ್ಬಿಣದ ಪಟ್ಟಿಯನ್ನು ಅಂಗೈಯಿಂದ ಬಡಿದರು. ಉರುಳೆಗಳು ಬಾಯಿ ಬಿಟ್ಟವು.

ರಕ್ತ ತೊಳೆದು ಔಷಧ ಹಾಕುವಾಗ ಅವರು ಬೈಯಲಿಲ್ಲ. "ಒಂದೂ ಇರಬಾರದು ಅಂದ್ರೆ ಒಂದೂ ಇರಬಾರದು. ನಿನ್ನ ಗಂಡ ಬಂದಾಗ ಬಳೆ ಇದ್ದು ಕೈ ಇಲ್ಲದಿದ್ರೆ ಎಂತ ಮಾಡ್ತೀ? ಆಗುದಿಲ್ಲ ಅಂದ್ರೆ ಹೇಳು, ಬೇರೆ ಯಾರನ್ನಾದ್ರೂ ನೋಡ್ತೇನೆ."

ದೇಯಿಗೆ ಬೇರೆ ದಾರಿಯಿರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಹೆಂಗಸರನ್ನು ಕಡಿಮೆ ಮಾಡುತ್ತಿದ್ದ ವರ್ಷ ಅದು. ಮರುವಾರ ಒಗೆಯುವ ಕೋಣೆಯ ಗೋಡೆಗೆ ತಾನೇ ಒಂದು ಮೊಳೆ ಹೊಡೆದಳು. ಬಾಗಿಲು ಮುಚ್ಚಿಕೊಂಡು, ಅಂಗೈಗೆ ತೆಂಗಿನೆಣ್ಣೆ ಸವರಿ, ಉಳಿದ ಏಳು ಬಳೆಗಳನ್ನೂ ಒಂದೊಂದಾಗಿ ಜಾರಿಸಿ ಮೊಳೆಗೆ ತೂಗು ಹಾಕಿದಳು. ಕೆಲಸ ಮುಗಿದ ಮೇಲೆ ಮತ್ತೆ ಎಣ್ಣೆ ಹಚ್ಚಿ ತೊಟ್ಟು, ಏನೂ ಆಗದವಳ ಹಾಗೆ ಕುದ್ರೋಳಿಗೆ ನಡೆದಳು.

ತಿಂಗಳು ಕಳೆಯುವುದರೊಳಗೆ ಉರುಳೆಗಳ ರಬ್ಬರು ಅಂಟಂಟಾಗಿ ಉಬ್ಬತೊಡಗಿತು. ಗ್ಲ್ಯಾಡಿಸ್ ಬಾಯಿ ಬೆರಳು ಹಚ್ಚಿ ಮೂಸಿ ನೋಡಿದರು. "ಇದಕ್ಕೆ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆಯಾ ಎಂತ?"

ದೇಯಿ ಎಣ್ಣೆಯ ಕುಪ್ಪಿಯನ್ನು ತೋರಿಸಿದಳು. ಎಣ್ಣೆ ತಾಗದ ವಸ್ತು ಇರುವ ಮನೆಯನ್ನೇ ಅವಳು ಕಂಡಿರಲಿಲ್ಲ. ಬಾಗಿಲಿನ ತಿರುಗಣಿಗೆ ಎಣ್ಣೆ, ಒಡೆದ ಹಿಮ್ಮಡಿಗೆ ಎಣ್ಣೆ, ಬಾವಿಯ ರಾಟೆಗೆ ಎಣ್ಣೆ. ರಬ್ಬರನ್ನು ಎಣ್ಣೆ ತಿನ್ನುತ್ತದೆ ಎಂದು ಯಾರಿಗೆ ಗೊತ್ತು? ಗ್ಲ್ಯಾಡಿಸ್ ಬಾಯಿ ಸಾಬೂನು ಹಾಕಿದ ಉಗುರುಬೆಚ್ಚನೆ ನೀರಿನಲ್ಲಿ ಉರುಳೆಗಳನ್ನು ಒರೆಸಿ, ಒಣಗಿಸಿ, ತಮ್ಮ ಮುಖದ ಪೌಡರ್ ಉದುರಿಸಿದರು. "ಬಳೆ ಜಾರಿಸ್ಲಿಕ್ಕೆ ಇನ್ನು ಸಾಬೂನು ಸಾಕು" ಎಂದರು. ಅಷ್ಟು ದಿನ ಬಾಗಿಲು ಮುಚ್ಚಿಕೊಂಡು ಮಾಡಿದ್ದು ಅವರಿಗೆ ಗೊತ್ತಿತ್ತು.

ಹೀಗೆ ಸೋಮವಾರಗಳು ಶುರುವಾದವು. ದೇಯಿ ಜಡೆಯನ್ನು ಗಂಟು ಹಾಕಿ ಬಟ್ಟೆ ಕಟ್ಟುತ್ತಿದ್ದಳು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸುತ್ತಿದ್ದಳು. ನೆಲ ಒದ್ದೆಯಾದೀತೆಂದು ಮರದ ಹಲಗೆಯ ಮೇಲೆ ನಿಲ್ಲುತ್ತಿದ್ದಳು. ಕೈ ಒರೆಸಿಕೊಳ್ಳದೆ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಗುಂಡಿಗಳು ಒಡೆಯದಂತೆ ಅಂಗಿಯನ್ನು ಒಳಮುಖವಾಗಿ ಮಡಚಿ ಉರುಳೆಗೆ ಕೊಡಬೇಕು. ತಲೆದಿಂಬಿನ ಚೀಲವನ್ನು ಮುಚ್ಚಿದ ತುದಿಯಿಂದ ಕೊಡಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿ ಕಪ್ಪೆಯ ಹಾಗೆ ಉಬ್ಬುತ್ತದೆ. ಎಲ್ಲ ಮುಗಿದ ಮೇಲೆ ತಂತಿಯನ್ನು ಗೋಡೆಯಿಂದ ಕಳಚಿ, ನೀರು ಬಸಿದು, ಉರುಳೆಗಳನ್ನು ಸಡಿಲಿಸಿ, ಪೀಪಾಯಿಯ ಮುಚ್ಚಳ ತೆರೆದಿಟ್ಟು ಒಣಗಲು ಬಿಡುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಕಲಿಸಿದ್ದೆಲ್ಲ ಇಷ್ಟೇ, ಆದರೆ ಅದರಲ್ಲಿ ಒಂದನ್ನೂ ಅವಳು ಮರೆತವಳಲ್ಲ.

ಸ್ವಿಚ್ಚು ಒತ್ತುವ ಮೊದಲು ಪ್ರತಿ ಸೋಮವಾರ ಒಳಗಿನ ಕೋಣೆಯಿಂದ ಗ್ಲ್ಯಾಡಿಸ್ ಬಾಯಿಯ ಸ್ವರ ಬರುತ್ತಿತ್ತು. "ಬಳೆ ತೆಗೆದೆಯಾ ದೇಯಿ?"

"ತೆಗ್ದಿದ್ದೇನೆ ಬಾಯಮ್ಮ."

ಯಂತ್ರ ಗುಡುಗುತ್ತಿದ್ದ ಆ ಎರಡು ಗಂಟೆ ದೇಯಿ ಗೋಡೆಯ ಕಡೆ ನೋಡುತ್ತಿರಲಿಲ್ಲ. ಮೋಟಾರಿನ ನಡುಕಕ್ಕೆ ಗೋಡೆ ಅದುರಿ ಬಳೆಗಳು ಒಂದಕ್ಕೊಂದು ತಾಗಿ ಸಣ್ಣದಾಗಿ ಸದ್ದು ಮಾಡುತ್ತಿದ್ದವು. ಬೆನ್ನ ಹಿಂದೆ ಯಾರೋ ಬಂದು ನಿಂತಂತೆ ಆಗುತ್ತಿತ್ತು.

ನೆರೆಯ ಬೀಫಾತಿಮ್ಮನ ಗಂಡ ನೂರ್ ಮುಹಮ್ಮದ್ ಅದೇ ಮಂಜಿಯ ತಂಡೇಲ, ಅಂದರೆ ಹಡಗು ನಡೆಸುವವನಾಗಿದ್ದ. ಸಂಜೆ ಹೊತ್ತು ಇಬ್ಬರೂ ಹೆಂಗಸರು ಬಾವಿಕಟ್ಟೆಯಲ್ಲಿ ಕೂರುವುದಿತ್ತು. ಒಂದು ದಿನ ದೇಯಿ ಕೇಳಿದಳು, "ನಿಮಗೆ ಯಾವಾಗ ಗೊತ್ತಾಯ್ತು ಬೀಫಾತಿಮ್ಮಕ್ಕ, ಅವರು ಇನ್ನು ಬರುದಿಲ್ಲ ಅಂತ?"

ಬೀಫಾತಿಮ್ಮ ಕೊಡವನ್ನು ಕಟ್ಟೆಯ ಮೇಲೆ ಇಟ್ಟಳು. "ಅವರ ಒಂದು ಲುಂಗಿ ಇತ್ತು. ಒಂದು ವರ್ಷ ಮುಟ್ಲಿಲ್ಲ ನಾನು. ಮತ್ತೆ ಒಂದು ದಿನ ಲಾಟೀನಿನ ಗಾಜು ಮಸಿ ಹಿಡಿದಿತ್ತು. ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಒರೆಸಿದೆ. ಒರೆಸಿ ಆದ ಮೇಲೆ ನೋಡ್ತೇನೆ, ಅದೇ ಲುಂಗಿ."

"ಅಳು ಬರ್ಲಿಲ್ವಾ?"

"ಗಾಜು ಒಳ್ಳೆ ಚೊಕ್ಕ ಆಗಿತ್ತು ಮಾರಾಯ್ತಿ" ಎಂದು ಬೀಫಾತಿಮ್ಮ ಕೊಡ ಎತ್ತಿಕೊಂಡು ಹೋದಳು.

ವರ್ಷಗಳು ಹೋದವು. ಯುದ್ಧ ಶುರುವಾಯಿತು. ಹೊಸ ಉರುಳೆ ತರಿಸುವ ಮಾತೇ ಇಲ್ಲದಾಗ ದೇಯಿ ಹಳೆಯವನ್ನೇ ಮಗುವಿನ ಮೈಯಂತೆ ಒರೆಸಿ ಪೌಡರ್ ಹಾಕಿ ಉಳಿಸಿಕೊಂಡಳು. ಬಿಸಿನೀರು, ಸೋಡಾ ಸೇರಿ ಅವಳ ಗೆಣ್ಣುಗಳು ದಪ್ಪವಾದವು. ಬಳೆ ಜಾರಿಸಲು ಮೊದಲು ಒಂದು ಸಲ ನೊರೆ ಹಚ್ಚಿದರೆ ಸಾಕಿತ್ತು. ಈಗ ಮೂರು ಸಲ ಹಚ್ಚಿ ಹಲ್ಲು ಕಚ್ಚಿ ಎಳೆಯಬೇಕಾಯಿತು. ಹೆಬ್ಬೆರಳಿನ ಬುಡ ಕೆಂಪಾಗಿ ಸಂಜೆಯವರೆಗೂ ಉರಿಯುತ್ತಿತ್ತು. ಆ ಉರಿ ಅವಳಿಗೆ ಬೇಡವೆನಿಸುತ್ತಿರಲಿಲ್ಲ. ಆ ನೋವಿದ್ದ ಸೋಮವಾರಗಳಲ್ಲಿ ಗುರುವಪ್ಪನ ಮುಖ, ಅವನು ನಕ್ಕ ರೀತಿ, ಸರಿಯಾಗಿ ನೆನಪಾಗುತ್ತಿತ್ತು. ಏಳರಲ್ಲಿ ಮೂರು ಹೀಗೆಯೇ ಒಡೆದು ಹೋದವು. ಒಂದು ಸೋಮವಾರ ಉಳಿದ ನಾಲ್ಕು ಹೇಗೋ ಹೊರಬಂದವು, ಮತ್ತೆ ಒಳಹೋಗಲಿಲ್ಲ. ಅವನ್ನು ಮೊಳೆಯಲ್ಲೇ ಬಿಟ್ಟು, ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಬಳೆಯವನ ಹತ್ತಿರ ಹೋದಳು.

ಬಳೆಯವನು ಅವಳ ಕೈಯನ್ನು ಒತ್ತಿ ನೋಡಿದ. "ಈ ಪ್ರಾಯದಲ್ಲಿ ಕೈ ಇಷ್ಟು ಬೆಳೀತದಾ?" ಎಂದು ದೊಡ್ಡ ಅಳತೆಯ ಹಸಿರು ಬಳೆಗಳನ್ನು ಆರಿಸಿದ. ಅವು ಎಣ್ಣೆಯಿಲ್ಲದೆ, ಸಾಬೂನಿಲ್ಲದೆ ಸಲೀಸಾಗಿ ಏರಿದವು.

ಅಷ್ಟೇ ಸಲೀಸಾಗಿ ಇಳಿಯುತ್ತಲೂ ಇದ್ದವು. ಸೋಮವಾರ ಕೈ ಕೆಳಗೆ ಮಾಡಿದರೆ ತಾವಾಗಿಯೇ ಜಾರಿ ಬೊಗಸೆಗೆ ಬೀಳುತ್ತಿದ್ದವು. ಹಲ್ಲು ಕಚ್ಚುವುದಿರಲಿಲ್ಲ, ಉರಿಯಿರಲಿಲ್ಲ. ಹಳೆಯ ನಾಲ್ಕರ ಮೇಲೆ ಹೊಸತನ್ನು ತೂಗು ಹಾಕಿ ಅವಳು ಕೆಲಸಕ್ಕೆ ನಿಲ್ಲುತ್ತಿದ್ದಳು. ಒಂದೆರಡು ತಿಂಗಳು ಹೀಗೆ ಕಳೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಬಾವಿಯಿಂದ ನೀರು ಸೇದುತ್ತಿದ್ದಾಗ ದೇಯಿಗೆ ಏನೋ ಕಡಿಮೆಯಾದಂತೆ ಅನಿಸಿತು. ರಾಟೆ ಕಿರುಗುಟ್ಟುತ್ತಿತ್ತು. ಕೊಡಪಾನ ಬಾವಿಯ ಕಲ್ಲಿಗೆ ತಾಗುತ್ತಿತ್ತು. ಹಗ್ಗ ಎಳೆದಾಗಲೆಲ್ಲ ಕೇಳಬೇಕಾದ ಇನ್ನೊಂದು ಸದ್ದು ಇರಲಿಲ್ಲ. ಕೈ ನೋಡಿದಳು. ಎರಡೂ ಬೋಳು.

ನಿನ್ನೆ ಯಂತ್ರ ಒರೆಸಿ, ಮುಚ್ಚಳ ತೆರೆದಿಟ್ಟು, ಹಾಗೆಯೇ ಬಂದಿದ್ದಳು. ಬೀದಿಯುದ್ದಕ್ಕೂ ನಡೆದು ಬಂದಿದ್ದಳು. ಅನ್ನ ಮಾಡಿ ಉಂಡಿದ್ದಳು. ಮಲಗಿದ್ದಳು, ನಿದ್ದೆಯೂ ಬಂದಿತ್ತು. ಹಗ್ಗ ಅವಳ ಕೈಯಲ್ಲಿ ನಿಂತೇ ಇತ್ತು. ಆಚೆ ಬದಿಯಲ್ಲಿ ಕೊಡ ಹಿಡಿದು ಕಾಯುತ್ತಿದ್ದ ಬೀಫಾತಿಮ್ಮ ಅವಳ ಕೈಯನ್ನೂ ಮುಖವನ್ನೂ ನೋಡಿದಳು. ಹತ್ತಿರ ಬಂದು ಹಗ್ಗಕ್ಕೆ ಕೈ ಸೇರಿಸಿ ಕೊಡಪಾನವನ್ನು ಮೇಲೆ ಎಳೆದಳು.

ಆ ಭಾನುವಾರ ದೇಯಿ ಬೈಕಂಪಾಡಿಗೆ ನಡೆದು ಹೋದಳು. ಹೇಮಾಕ್ಷಿ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದವಳು ಎದ್ದು ನಿಂತಳು. ಇಷ್ಟು ವರ್ಷದಲ್ಲಿ ದೇಯಿ ತಾನಾಗಿ ಅಲ್ಲಿಗೆ ಬಂದದ್ದು ಅದೇ ಮೊದಲು.

"ದಿನ ನೋಡಿ ಅತ್ತಿಗೆ" ಎಂದಳು ದೇಯಿ. ಹೇಮಾಕ್ಷಿ ಒಳಗೆ ಹೋಗಿ ಬೆಲ್ಲ, ನೀರು ತಂದಳು. ಈ ಸಲ ಕುಡಿದವಳು ದೇಯಿ.

ಬೊಜ್ಜದ ದಿನ ಅವಳು ಮತ್ತೆ ತೊಡದ ಹೊಸತನ್ನು ಮೊಳೆಯಲ್ಲೇ ಬಿಟ್ಟು ಹಳೆಯ ನಾಲ್ಕು ಬಳೆಗಳನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಂಡು ಹೋದಳು. ಮುದುಕಿಯೊಬ್ಬಳು ಗೊಣಗಿದಳು. "ಕೈಯಲ್ಲಿ ಇಟ್ಕೊಂಡು ಬರ್ಬೇಕಿತ್ತು. ಪೊಟ್ಟಣ ಕಟ್ಟಿ ತರುದಾ ಇದನ್ನು?"

"ಅವು ಅವಳ ಕೈಗೆ ಹೋಗುದಿಲ್ಲ" ಎಂದು ಹೇಮಾಕ್ಷಿ ಆ ಪೊಟ್ಟಣವನ್ನು ತಾನೇ ತೆಗೆದುಕೊಂಡು ಕಲ್ಲಿನ ಮೇಲೆ ಇಟ್ಟಳು. ಗಾಜು ಒಡೆಯುವ ಸದ್ದು ಬಹಳ ಸಣ್ಣದಾಗಿತ್ತು. ದೂರದ ಕಡಲಿನ ಮೊರೆತದಲ್ಲಿ ಅದು ದೇಯಿಯೊಬ್ಬಳಿಗೇ ಕೇಳಿರಬೇಕು.

ಮತ್ತೆ ಸೋಮವಾರ ಬಂತು. ದೇಯಿ ನೀರು ತುಂಬಿಸಿದಳು, ಸಾಬೂನು ಹೆರೆದು ಹಾಕಿದಳು, ಹಲಗೆಯ ಮೇಲೆ ನಿಂತಳು. ಬಲಗೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು. ಅಲ್ಲಿ ಹಳೆಯ ಗಾಯದ ಗೆರೆಯೊಂದೇ ಇತ್ತು.

ಒಳಗಿನ ಕೋಣೆಯಿಂದ ಗ್ಲ್ಯಾಡಿಸ್ ಬಾಯಿಯ ಸ್ವರ ಬಂತು. "ಬಳೆ..." ಎಂದದ್ದು ಅಲ್ಲೇ ನಿಂತಿತು. ಮಂಚದ ಮೇಲೆ ಅವರ ತಾಯಿ ಕೆಮ್ಮುವುದು ಕೇಳಿಸಿತು. ಆಮೇಲೆ ಅದೇ ಸ್ವರ ಮತ್ತೆ ಕೇಳಿತು: "ಜಡೆ ಕಟ್ಟಿದೆಯಾ ದೇಯಿ?"

ದೇಯಿ ತಲೆಯ ಗಂಟನ್ನು ಒಮ್ಮೆ ಮುಟ್ಟಿ ನೋಡಿದಳು.

"ಕಟ್ಟಿದ್ದೇನೆ ಬಾಯಮ್ಮ" ಎಂದು ಕೈ ಒರೆಸಿಕೊಂಡು ಸ್ವಿಚ್ಚು ಒತ್ತಿದಳು.