ಎಲೆ ಹಿಡಿದ ಕೈ

2006ರ ಮಾತು. ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ನೀರು ಬಿಡುವುದರಿಂದ ಹಿಡಿದು ಗೊನೆಗೆ ಕೋಲಿನ ಆಸರೆ ಕೊಡುವವರೆಗೆ ಎಲ್ಲ ಕೆಲಸವೂ ನನ್ನದೇ. ಆ ವರ್ಷ ಒಂದು ಗೊನೆ ದಾರಿಹೋಕರೂ ನಿಂತು ನೋಡುವಂತೆ ಬಂದಿತ್ತು. ದೂರದ ಊರಿನ ಹಣ್ಣಿನ ಪ್ರದರ್ಶನವೊಂದಕ್ಕೆ, ಗೊನೆಯೂ ಅದನ್ನು ಬೆಳೆದವರೂ ಇರುವ ಫೋಟೊ ಇಮೇಲ್‌ನಲ್ಲಿ ಕಳಿಸಬೇಕಿತ್ತು. ಫೋಟೊ ನೂರು ಕೆಬಿ ದಾಟಬಾರದು ಎಂಬ ಷರತ್ತು ಬೇರೆ.

ಫೋಟೊ ತೆಗೆಯುತ್ತಾರೆ ಎಂದದ್ದೇ ತಡ, ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು ತೋಟಕ್ಕೆ ಬಂದರು. ನಡುವೆ ಕುರ್ಚಿ ಹಾಕಿಸಿಕೊಂಡು ಭಾವ, ಅಂದರೆ ಗಂಡನ ಅಣ್ಣ, ಕುಳಿತರು. ತೋಟದ ದಾರಿ ಅವರಿಗೆ ನೆನಪಿದ್ದದ್ದೇ ಆಶ್ಚರ್ಯ. ಅವರ ಮಗ್ಗುಲಿಗೆ ಗೊನೆ. ಅದರಾಚೆ ಕಟ್ಟಕಡೆಗೆ ನಾನು, ಹಣ್ಣಿಗೆ ಬೆಳಕು ಬೀಳಲೆಂದು ಎಲೆ ಸರಿಸಿ ಹಿಡಿದು ನಿಂತಿದ್ದೆ.

ಕಳಿಸುವ ಕೊನೆಯ ದಿನ ಭಾವನ ಜೊತೆ ಕಲಬುರಗಿಗೆ ಹೋದೆ. ಗಿಡ ನೆಟ್ಟದ್ದು ಯಾವಾಗ, ಹಾಕಿದ ಗೊಬ್ಬರ ಯಾವುದು ಎಂದು ಅರ್ಜಿಯಲ್ಲಿ ಬರೆಯಬೇಕಿತ್ತು, ಅವರಿಗೆ ಗೊತ್ತಿರಲಿಲ್ಲ. ಮೋಮಿನಪುರದ ಸೈಬರ್ ಕೆಫೆಯ ರಫೀಕಭಾಯಿ ಫೋಟೊ ಕುಗ್ಗಿಸಿದರು. ನೂರು ಕೆಬಿಗೆ ಇಳಿಯುವಷ್ಟರಲ್ಲಿ ನನ್ನ ಹಣ್ಣೆಲ್ಲ ಕಲಸಿಹೋಗಿ ಕೊಳೆತ ಬದನೆಕಾಯಿಯಂತೆ ಕಂಡಿತು.

"ಹನ್ನೊಂದು ಮಂದಿನ್ನ ಇಷ್ಟರಾಗ ತುರುಕಿದ್ರ ಹಿಂಗೇ ಆಗ್ತದ್ರೀ. ಮಂದಿ ಕಮ್ಮಿ ಮಾಡ್ರಿ, ಅಷ್ಟೇ ಕೆಬಿದಾಗ ಹಣ್ಣು ಸಾಫ್ ಕಾಣ್ತದ," ಎಂದರು.

"ಎರಡೂ ಕಡಿಂದ ಕತ್ತರಸ್ರಿ. ನಾ ಮತ್ತ ಗೊನಿ ಇದ್ರ ಸಾಕು," ಎಂದರು ಭಾವ.

ಹಾಗೇ ಮಾಡಿದರು. ಹಣ್ಣು ನಿಚ್ಚಳವಾಯಿತು. ಆದರೆ ಗೊನೆಯ ಮೇಲೆ ಎಲೆ ಹಿಡಿದ, ಹಸಿರು ಬಳೆಯ ಕೈಯೊಂದು ಉಳಿಯಿತು. ಅದನ್ನು ತೆಗೆದರೆ ಗೊನೆಯೂ ತುಂಡಾಗುತ್ತಿತ್ತು.

"ಇದು ಯಾರ ಕೈರೀ?" ರಫೀಕಭಾಯಿ ಕೇಳಿದರು.

"ಇರಲಿ ಬಿಡ್ರಿ, ಅದನ್ನ ಯಾರು ನೋಡ್ತಾರ," ಎಂದರು ಭಾವ.

ಮದುವೆಯಾಗಿ ಹನ್ನೆರಡು ವರ್ಷ, ನಾನು ಭಾವನೊಂದಿಗೆ ನೇರವಾಗಿ ಮಾತಾಡಿದವಳಲ್ಲ. ತಲೆ ಮೇಲೆ ಸೆರಗು, ಏನಿದ್ದರೂ ಅತ್ತೆಯ ಮೂಲಕವೇ ಹೇಳಿಸಬೇಕು. ಅದು ನಮ್ಮ ಮನೆಯ ರೂಢಿ. ಅಂದು ಅಲ್ಲಿ ಅತ್ತೆ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಆ ಕೈ ನಂದ್ರೀ ಭಾವಾರ. ಕೈ ಬೇಕಂದ್ರ ಮಾರಿನೂ ಬೇಕು. ಗೊನಿ ಬೆಳದಾಕಿ ನಾ."

"ಇಬ್ಬರೂ ಬಂದ್ರ ಮತ್ತ ಮಸುಕಾಗ್ತದ್ರೀ," ಎಂದರು ರಫೀಕಭಾಯಿ ಮೆಲ್ಲಗೆ.

"ಹಂಗಾರ ಕುರ್ಚಿ ತೆಗೀರಿ," ಎಂದೆ.

ಭಾವ ಎದ್ದು ಹೊರಗೆ ಹೋದರು. ಫೋಟೊದಲ್ಲಿ ಗೊನೆ ಮತ್ತು ನಾನು ಉಳಿದೆವು. ತೊಂಬತ್ತೆಂಟು ಕೆಬಿ. ಹಣ್ಣಿನ ಕೆಂಪೂ ಬಳೆಯ ಹಸಿರೂ ಎದ್ದು ಕಾಣುತ್ತಿದ್ದವು. ನಿಂತು ಕಳಿಸಿಯೇ ಬಂದೆ.

ಮನೆಯಲ್ಲಿ ರಂಪವಾಯಿತು. ಮನೆತನವನ್ನೇ ಕತ್ತರಿಸಿ ಬಂದಳು ಎಂದರು. ಪ್ರದರ್ಶನದ ಕರೆಯೋಲೆ ಬಂತು, ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಬಹುಮಾನ ಬರಲಿಲ್ಲ. ಅದಕ್ಕೂ ನನ್ನ ನಾಲಿಗೆಯನ್ನೇ ದೂರಿದರು. ದೂರಲಿ. ಅಂದಿನಿಂದ ಭಾವನಿಗೆ ಹೇಳುವುದನ್ನು ಭಾವನಿಗೇ ಹೇಳುತ್ತೇನೆ.

ಆ ಫೋಟೊಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರು ಉಳಿದವರೆಲ್ಲಿ ಎಂದು ಕೇಳಿದರೆ ಇಂದಿಗೂ ನನ್ನದು ಒಂದೇ ಉತ್ತರ: "ತೋಟದಾಗ ದುಡದವ್ರಷ್ಟೇ ಬಂದಾರ್ರೀ."