ಬೇರೆಯವರ ಕಾರಿನಲ್ಲಿ ಅರ್ಧ ದಾರಿ

ನನ್ನ ಕಾರಿನ ನಂಬರು ನನಗೆ ನೆನಪಿರುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಪೈ ಬೆಲೆಯನ್ನು ಹನ್ನೆರಡು ದಶಮಾಂಶದವರೆಗೆ ಹೇಳಬಲ್ಲೆ. ಪೆಟ್ರೋಲ್ ಬಂಕಿನವನು ಗಾಡಿ ನಂಬರು ಕೇಳಿದರೆ ಮಾತ್ರ ಕೆಳಗಿಳಿದು ಮುಂದೆ ಹೋಗಿ ಬಗ್ಗಿ ನೋಡಿ ಬರುತ್ತೇನೆ. ನನ್ನ ಹೆಂಡತಿ ಸುವರ್ಣಾ ಬಿ.ಎ. ಓದುವಾಗ ಇತಿಹಾಸ ತೆಗೆದುಕೊಂಡವಳು. ಆಕೆಗೆ ನಮ್ಮ ಕಾರಿನ ನಂಬರಷ್ಟೇ ಅಲ್ಲ, ಎದುರು ಮನೆಯ ಕಾರಿನದೂ ಬಾಯಿಪಾಠ.

ಕಾರು ಬಿಳಿಯದು, ಸಣ್ಣದು, ಆರು ವರ್ಷದ್ದು. ಈ ಮಳೆಗಾಲದ ಮೊದಲಿಗೆ ಅದಕ್ಕೊಂದು ಸದ್ದು ಹತ್ತಿಕೊಂಡಿತು. ಎಡಕ್ಕೆ ತಿರುಗಿಸಿದರೆ ಕಟಕಟ. ಬಲಕ್ಕೆ ತಿರುಗಿಸಿದರೆ ಗಪ್‌ಚಿಪ್. ಊರಿನ ಮೆಕ್ಯಾನಿಕ್ಕು ಕಿವಿಗೊಟ್ಟು ಕೇಳಿ, "ಶೋರೂಮಿಗೇ ತೋರಸ್ರಿ ಸರ, ಇದು ಕಂಪ್ಯೂಟರಿಗೆ ತಿಳಿಯೋ ಸದ್ದು" ಎಂದ. ಹಾಗಾಗಿ ಗದಗಿನ ಶೋರೂಮಿಗೆ ಫೋನು ಹಚ್ಚಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಗುರುವಾರ, ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆ.

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ನಿಂತೆ. ಅಲ್ಲಿ ಆಗಲೇ ಹದಿನೆಂಟು ಜನ ಇದ್ದರು. ಒಬ್ಬೊಬ್ಬರನ್ನೇ ವಿಚಾರಿಸಿದೆ. ಎಲ್ಲರದೂ ಗುರುವಾರ, ಸರಿಯಾಗಿ ಹತ್ತು ಗಂಟೆ. ಸರ್ವಿಸ್ ನೋಡಿಕೊಳ್ಳುವ ಮಂಜುನಾಥ ಎಂಬಾತ, ನಲವತ್ತರ ಆಸುಪಾಸಿನ ಸಮಾಧಾನದ ಮನುಷ್ಯ, ಹನ್ನೆರಡೂವರೆಗೆ ನನ್ನ ಪಕ್ಕ ಕುಳಿತು ಕಾರನ್ನು ಬೆಟಗೇರಿ ದಾರಿಯಲ್ಲಿ ಓಡಿಸಿ ನೋಡಿದ. ಎಡಕ್ಕೆ ಹೊರಳಿಸಿದ, ಮತ್ತೆ ಎಡಕ್ಕೆ ಹೊರಳಿಸಿದ. ಕಾರು ವೈದ್ಯರ ಎದುರು ಕುಳಿತ ಕೂಸಿನಂತೆ ಬಾಯಿ ಮುಚ್ಚಿಕೊಂಡಿತ್ತು.

"ಸದ್ದು ಇಲ್ಲಲ್ರಿ ಸರ."

"ಐತ್ರಿ. ಮನ್ಯಾಗ ಮಾಡತೈತಿ."

ಆತ ನನ್ನ ಮುಖ ನೋಡಿದ. ಶೋರೂಮಿಗೆ ಮರಳುವ ಕೊನೆಯ ತಿರುವಿನಲ್ಲಿ, ದೇವರು ದೊಡ್ಡವನು, ಕಟಕಟ ಎಂದಿತು. ಮುಂದಿನ ಗಾಲಿಯ ಒಳಗಿನ ಯಾವುದೋ ಭಾಗ ಸವೆದಿದೆ, ಅದು ಹುಬ್ಬಳ್ಳಿಯಿಂದ ಬರಬೇಕು ಎಂದು ಬರೆದುಕೊಂಡ. "ನಾಳೆ ಸಂಜಿಕೆ ಕೊಡ್ತೀರೇನ್ರಿ?" ಎಂದು ಕೇಳಿದೆ. "ಆತ್ರಿ ಸರ" ಎಂದ.

ಈ ಶಬ್ದದ ಬಗ್ಗೆ ನಾನು ಆ ದಿನಗಳಲ್ಲಿ ಬಹಳ ಯೋಚಿಸಿದ್ದೇನೆ. ವ್ಯಾಕರಣದಲ್ಲಿ 'ಆತು' ಎಂಬುದು ಭೂತಕಾಲ. ನಮ್ಮ ಬಾಯಲ್ಲಿ ಅದು ಮೂರೂ ಕಾಲ. ಊಟ ಆತು ಎಂದರೆ ಮುಗಿಯಿತು. ನಾಳೆ ಬರ್ರಿ ಎಂದಾಗ ಆತು ಎಂದರೆ ಬರುತ್ತೇನೆ. ಆತು ಬಿಡ್ರಿ ಎಂದರೆ ಆಗುವ ಹಾಗಿಲ್ಲ. ಆತು ಏಳು ಎಂದರೆ ಇಲ್ಲಿಂದ ಹೊರಡು. ಮಂಜುನಾಥನದು ಇವುಗಳಲ್ಲಿ ಯಾವ 'ಆತು' ಎಂದು ಬಿಡಿಸಿಕೊಳ್ಳುವಷ್ಟರಲ್ಲಿ ಹನ್ನೊಂದು ದಿನ ಕಳೆದವು.

ಆ ಹನ್ನೊಂದು ದಿನ ನಾನು ಇದ್ದದ್ದು ಗೊಂದಲದಲ್ಲಿ. ಎರಡನೆಯ ದಿನವೇ ಮೊಬೈಲಿಗೆ ಸಂದೇಶ ಬಂತು: ನಿಮ್ಮ ವಾಹನ ಸಿದ್ಧವಾಗಿದೆ. ಬಸ್ಸು ಹತ್ತಿ ಹೋದೆ. ನನ್ನ ವಾಹನ ಗಾಲಿ ಕಳೆದುಕೊಂಡು ಕಬ್ಬಿಣದ ತೋಳುಗಳ ಮೇಲೆ ಆಕಾಶಕ್ಕೆ ಏರಿತ್ತು. "ಮೆಸೇಜ್ ತಾನಾ ಹೋಗ್ತಾವ್ರಿ ಸರ, ನಾವು ಕಳಸೂದಿಲ್ಲ" ಎಂದ ಮಂಜುನಾಥ. ಐದನೆಯ ದಿನ ಬಹಳ ಮರ್ಯಾದೆಯ ಹೆಣ್ಣುಮಗಳೊಬ್ಬಳು ಫೋನು ಮಾಡಿ, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ ಎಂದು ಕೇಳಿದಳು. ಗಾಡಿ ಇನ್ನೂ ನಿಮ್ಮಲ್ಲೇ ಇದೆ ಎಂದೆ. ಇಲ್ಲ ಸರ್, ನಿಮಗೆ ಕೊಟ್ಟಾಗಿದೆ ಎಂದು ತೋರಿಸುತ್ತಿದೆ ಎಂದಳು. ಅಷ್ಟು ಖಚಿತವಾಗಿ ಹೇಳಿದ್ದರಿಂದ ನಾನೇ ಹೊರಗೆ ಹೋಗಿ ಅಂಗಳ ನೋಡಿ ಬಂದೆ. ಮಗ್ಗುಲು ಮನೆಯ ಎಮ್ಮೆ ಕಟ್ಟಿತ್ತು.

ಹನ್ನೆರಡನೆಯ ದಿನ ಖರೆಯೇ ಆಯಿತು. ಶಾಲೆಗೆ ರಜೆ ಹಾಕಿ ಹೋದೆ. ಅಂದು ಮಧ್ಯಾಹ್ನ ಶೋರೂಮಿನ ಮುಂದೆ ತೊಳೆದು ನಿಲ್ಲಿಸಿದ ಬಿಳಿ ಕಾರುಗಳ ಸಾಲೇ ಇತ್ತು. ಗದ್ದಲದಲ್ಲಿ ಯಾರೋ ಕೀಲಿಕೈ ಕೊಟ್ಟರು, ಯಾರೋ ಕಾರು ತೋರಿಸಿದರು, ನಾನು ಹತ್ತಿ ಹೊರಟೆ.

ಏನು ಹೇಳಲಿ, ಗಾಡಿ ಬೆಣ್ಣೆಯಂತೆ ಓಡಿತು. ಎಡಕ್ಕೆ ತಿರುಗಿಸಿದೆ, ಸದ್ದಿಲ್ಲ. ಬೇಕೆಂದೇ ಇನ್ನೊಮ್ಮೆ ತಿರುಗಿಸಿದೆ, ಸದ್ದಿಲ್ಲ. ಒಳಗೆ ಅತ್ತರಿನ ಪರಿಮಳ. ತೊಳೆದ ಮೇಲೆ ಸೆಂಟು ಹೊಡೆದಿದ್ದಾರೆ ಅಂದುಕೊಂಡೆ. ಸೀಟು ನನಗಿಂತ ಗಿಡ್ಡ ಮನುಷ್ಯನಿಗೆ ಸರಿಯಾಗುವಂತೆ ಮುಂದಕ್ಕೆ ಬಂದಿತ್ತು. ಓಡಿಸಿ ನೋಡಿದವನು ಗಿಡ್ಡ ಅಂದುಕೊಂಡೆ. ಸುವರ್ಣಾ ಇಟ್ಟ ಪುಟ್ಟ ಬಸವಣ್ಣ ಎದುರಿಗೆ ಇರಲಿಲ್ಲ. ಒರೆಸುವಾಗ ತೆಗೆದು ಎಲ್ಲೋ ಜೋಪಾನ ಮಾಡಿದ್ದಾರೆ ಅಂದುಕೊಂಡೆ. ಗಣಿತದಲ್ಲಿ ಉತ್ತರ ಮೊದಲೇ ಬರೆದುಕೊಂಡು ಆಮೇಲೆ ಲೆಕ್ಕ ಕೂಡಿಸುವ ಹುಡುಗರನ್ನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಆ ದಿನ ನಾನು ಮಾಡಿದ್ದೂ ಅದನ್ನೇ. ಮಂಜುನಾಥನ ಬಗ್ಗೆ ಹನ್ನೊಂದು ದಿನ ಅಂದುಕೊಂಡ ಕೆಟ್ಟ ಮಾತುಗಳನ್ನೆಲ್ಲ ಒಂದೊಂದಾಗಿ ಹಿಂತೆಗೆದುಕೊಳ್ಳುತ್ತ ಶಿರಹಟ್ಟಿಯವರೆಗೆ ಬಂದುಬಿಟ್ಟೆ.

ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಲ್ಲಿಸಿ, ಕರವಸ್ತ್ರಕ್ಕಾಗಿ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದೆ. ಒಂದು ನೀಲಿ ಫೈಲು ಇತ್ತು. ತೆಗೆದು ನೋಡಿದರೆ ರೇಷ್ಮಾ ಎಂಬ ಹುಡುಗಿಯ ಹತ್ತನೆಯ, ಹನ್ನೆರಡನೆಯ ತರಗತಿಗಳ ಅಸಲಿ ಮಾರ್ಕ್ಸ್ ಕಾರ್ಡು, ವರ್ಗಾವಣೆ ಪತ್ರ, ಫೋಟೋ. ಶೋರೂಮಿನವರು ಈ ಹುಡುಗಿಯ ಮಾರ್ಕ್ಸ್ ಕಾರ್ಡನ್ನು ನನ್ನ ಕಾರಿನಲ್ಲಿ ಯಾಕೆ ಇಟ್ಟರು ಎಂಬುದು ನನಗೆ ಹೊಳೆದ ಮೊದಲ ಪ್ರಶ್ನೆ. ಗಣಿತದಲ್ಲಿ ತೊಂಬತ್ತೇಳು ಇತ್ತು. ಭಲೆ ಎಂದುಕೊಂಡೆ. ಆಮೇಲೆ ಹಿಂದಿನ ಸೀಟು ನೋಡಿದೆ. ಅಲ್ಲಿ ಹುರಿ ಹಾಕಿ ಕಟ್ಟಿದ ಗಾಜಿನ ಬಳೆಗಳ ಪೆಟ್ಟಿಗೆಗಳಿದ್ದವು. ಆಗ ಮಾತ್ರ ಇದು ನನ್ನ ಕಾರಲ್ಲ ಎಂದು ಹೊಳೆಯಿತು.

ಇಳಿದು ಹೋಗಿ ನಂಬರು ನೋಡಿದೆ. ನೋಡಿ ಉಪಯೋಗವೇನು? ಸುವರ್ಣಾಗೆ ಫೋನು ಹಚ್ಚಿದೆ.

"ನಮ್ಮ ಗಾಡಿ ನಂಬರಿನ ಕಡೀ ಎರಡು ಅಂಕಿ ಯಾವು?"

ಆಕೆ ಹೇಳಿದಳು. ನನ್ನ ಎದುರಿಗಿದ್ದವು ಅವೇ ಎರಡು ಅಂಕಿಗಳು, ಹಿಂದುಮುಂದಾಗಿ.

"ಯಾಕ್ರಿ, ಏನಾತು?"

"ಬ್ಯಾರೇದವರ ಗಾಡ್ಯಾಗ ಬಂದೇನಿ."

"ಮನಿ ದಾರಿಯಾದ್ರೂ ನಮ್ಮದ ಐತಿಲ್ಲೋ ನೋಡ್ಕೋರಿ" ಎಂದಳು.

ಫೈಲಿನ ಅರ್ಜಿಯಲ್ಲಿ ತಂದೆಯ ಹೆಸರು, ಫೋನ್ ನಂಬರು ಇದ್ದವು. ಮಕ್ತುಂಸಾಬ, ಬಳೆ ವ್ಯಾಪಾರ, ಮುಂಡರಗಿ. ಒಂದೇ ರಿಂಗಿಗೆ ಎತ್ತಿದರು. ನಾನು ಪೂರ್ತಿ ಹೇಳುವ ಮೊದಲೇ ನಡುವೆ ಬಾಯಿ ಹಾಕಿದರು.

"ಫೈಲ್ ನಿಮ್ಮ ಕಡೆ ಐತೇನ್ರಿ? ಅಲ್ಲಾನ ದಯಾ. ನಾವು ಇಲ್ಲೇ ಗದಗ ಕಾಲೇಜಿನ ಮುಂದ ನಿಂತೇವ್ರಿ. ನಾಕು ಗಂಟೆ ಒಳಗ ಅಸಲಿ ಕಾಗದ ತೋರಸಲಿಲ್ಲ ಅಂದ್ರ ಸೀಟು ಮುಂದಿನವರಿಗೆ ಹೋಗ್ತೈತಂತ."

ತುಂಡುತುಂಡಾಗಿ ತಿಳಿದದ್ದು ಇಷ್ಟು. ಬೆಳಿಗ್ಗೆ ಮಗಳೊಂದಿಗೆ ಮುಂಡರಗಿಯಿಂದ ಬಂದವರು, ಕಾಲೇಜಿನ ಸರದಿ ಬರುವುದರೊಳಗೆ ಎರಡು ತಾಸಿನ ಸರ್ವಿಸ್ ಮುಗಿಯುತ್ತದೆಂದು ಕಾರು ಬಿಟ್ಟಿದ್ದರು. ಫೈಲು ಕೈಯಲ್ಲಿ ಹಿಡಿದುಕೋ ಎಂದು ಮಗಳು ಹೇಳಿದ್ದಳು. ಗಾಡಿಯಲ್ಲೇ ಭದ್ರ ಇರುತ್ತದೆ ಎಂದು ಇವರು ಅದನ್ನು ಡಬ್ಬಿಯಲ್ಲಿಟ್ಟಿದ್ದರು. ಎರಡು ತಾಸು ನಾಲ್ಕಾಯಿತು. ಅವಸರದಲ್ಲಿ ಕೊಟ್ಟ ಕೀಲಿ ತೆಗೆದುಕೊಂಡು ಓಡಿದ್ದರು. ಕಾಲೇಜಿನ ಮುಂದೆ ಡಬ್ಬಿ ತೆರೆದಾಗಲೇ ಗಾಡಿ ತಮ್ಮದಲ್ಲ ಎಂದು ತಿಳಿದದ್ದು; ಶೋರೂಮಿಗೆ ಎಷ್ಟು ಸಲ ಹಚ್ಚಿದರೂ ಯಾರೂ ಫೋನು ಎತ್ತಿರಲಿಲ್ಲ.

"ಮತ್ತ ನಿಮ್ಮ ಗಾಡಿ ಎಡಕ್ಕ ಹೊಳ್ಳಿಸಿದ್ರ ಕಟಕಟ ಅಂತೈತ್ರಿ, ತೋರಸ್ರಿ ಒಮ್ಮೆ" ಎಂದೂ ಸೇರಿಸಿದರು, ಪಾಪ, ಅಷ್ಟು ಸಂಕಟದಲ್ಲೂ.

ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಇಲ್ಲಿ ಒಂದು ಮಾತು ಮುಚ್ಚಿಡಬಾರದು. ನನಗೆ ಹಸಿವಾಗಿತ್ತು. ಲಕ್ಷ್ಮೇಶ್ವರ ಇನ್ನೇನು ಬಂತು ಎನ್ನುವಷ್ಟು ಹತ್ತಿರ. ಬಸ್‌ಸ್ಟ್ಯಾಂಡಿನಲ್ಲಿ ಗದಗ ಬಸ್ಸೊಂದು ನಿಂತಿತ್ತು. ಫೈಲನ್ನು ಕಂಡಕ್ಟರನ ಕೈಗೆ ಕೊಟ್ಟರಾಯಿತು, ಕಾರಿನ ವಿಷಯ ನಾಳೆ ನೋಡಿದರಾಯಿತು ಎಂದು ಎರಡು ನಿಮಿಷ ಖಂಡಿತ ಯೋಚಿಸಿದೆ. ಬಸ್ಸಿನ ಬಾಗಿಲವರೆಗೆ ಹೋಗಿಯೂ ಇದ್ದೆ. ಅಷ್ಟರಲ್ಲಿ ಫೈಲಿನೊಳಗಿನ ಫೋಟೋ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡು ದೂಳು ಒರೆಸಿದೆ. ನಮ್ಮ ಶಾಲೆಯ ಮುಂದಿನ ಬೆಂಚಿನಲ್ಲಿ ಕೂರುವ ಹುಡುಗಿಯರ ಮುಖದಂಥದೇ ಮುಖ. ತಿರುಗಿ ಬಂದು ಕಾರು ಹತ್ತಿದೆ.

ಮುಕ್ಕಾಲು ತಾಸಿನಲ್ಲಿ ಬರುತ್ತೇನೆ ಎಂದಿದ್ದೆ. ನಡುವೆ ರಸ್ತೆ ತುಂಬ ಕುರಿ ಹಿಂಡು ಸಿಕ್ಕಿತು, ಅದರಾಚೆ ರಸ್ತೆ ಅಗೆದಿದ್ದರು. ಬೇರೆಯವರ ಕಾರು, ಹಿಂದೆ ಬಳೆ. ಪ್ರತಿ ಕುಣಿಗೂ ಹಿಂದಿನಿಂದ ಗಲ್ ಎನ್ನುತ್ತಿತ್ತು, ನನ್ನ ಜೀವ ಹೋಗುತ್ತಿತ್ತು. ಮೊಬೈಲು ಬಡಿದುಕೊಂಡಿತು. ಮಕ್ತುಂಸಾಬರು ಇರಬೇಕೆಂದು ನಿಲ್ಲಿಸಿ ಎತ್ತಿದರೆ ಮಂಜುನಾಥ.

"ಸರ, ಗಾಡಿ ಸದ್ದು ಹೋತಿಲ್ರಿ?"

"ಗಾಡೀನ ಹೋಗೇತಿ" ಎಂದೆ. ಆತನಿಗೆ ತಿಳಿಯಲಿಲ್ಲ. "ಆತ್ರಿ ಸರ" ಎಂದು ಇಟ್ಟುಬಿಟ್ಟ.

ನಾನು ಮುಟ್ಟಿದಾಗ ಮೂರೂವರೆ ದಾಟಿತ್ತು. ಗೇಟಿನಲ್ಲಿ ನಿಂತಿದ್ದ ಹುಡುಗಿ ಕಾರು ನಿಲ್ಲುವ ಮೊದಲೇ ಕಿಟಕಿಗೆ ಕೈಚಾಚಿದಳು. ಫೈಲು ಬಿಚ್ಚಿ ಒಂದೊಂದೇ ಕಾಗದ ಎಣಿಸಿ, "ಎಲ್ಲಾ ಅದಾವ್ರಿ" ಎಂದು ಯಾರ ಮುಖವನ್ನೂ ನೋಡದೆ ಒಳಗೆ ಓಡಿದಳು.

ಮಕ್ತುಂಸಾಬರು ಗಿಡ್ಡ ಮನುಷ್ಯ; ಸೀಟಿನ ಲೆಕ್ಕ ಅಲ್ಲಿಗೆ ತಾಳೆಯಾಯಿತು. ಅಂಗಿ ಪೂರ್ತಿ ಬೆವರಿನಿಂದ ತೊಯ್ದಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು. ನಾವಿಬ್ಬರೂ ಬೇವಿನ ಗಿಡದ ಕೆಳಗೆ, ಒಂದೇ ತರಹದ ಎರಡು ಬಿಳಿ ಕಾರುಗಳ ನಡುವೆ, ಕಚೇರಿಯ ಬಾಗಿಲು ನೋಡುತ್ತ ನಿಂತೆವು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಆಕೆ ಹೊರಬಂದಳು. ನಡೆದು ಬರುತ್ತಿದ್ದ ರೀತಿಯಲ್ಲೇ ಸೀಟು ಸಿಕ್ಕಿದೆ ಎಂದು ತಿಳಿಯಿತು. ಬಿ.ಎಸ್ಸಿ., ಗಣಿತ. ಅಪ್ಪನ ಹತ್ತಿರ ಬಂದು ಅವರ ತಲೆಯ ಟೊಪ್ಪಿಗೆ ಸರಿಮಾಡಿದಳು. ಮಧ್ಯಾಹ್ನದಿಂದ ಆಕೆ ಅವರ ಮೇಲೆ ಮುನಿಸಿಕೊಂಡಿದ್ದಳಂತೆ.

ಮಾಸ್ತರನ ಚಟ, ಕೇಳದೆ ಇರಲಾಗಲಿಲ್ಲ. "ಉಳಿದ ಮೂರು ಮಾರ್ಕ್ಸ್ ಎಲ್ಲಿ ಹೋದುವವಾ?"

"ಪ್ರಶ್ನಿಯೊಳಗಿನ ಅಂಕಿ ಉಲ್ಟಾ ಬರಕೊಂಡಿದ್ದೆ ಸರ" ಎಂದಳು. ನಾನು ಮುಂದೆ ಉಪದೇಶ ಮಾಡಲಿಲ್ಲ.

ಕೀಲಿ ಬದಲಾಯಿಸಿಕೊಂಡೆವು. ಬೇಡವೆಂದರೂ ಕೇಳದೆ ಮಕ್ತುಂಸಾಬರು ಸುವರ್ಣಾಗೆಂದು ಒಂದು ಡಜನ್ ಹಸಿರು ಬಳೆ ಕಟ್ಟಿಕೊಟ್ಟರು. ಹೊರಡುವಾಗ ಹೇಳಿದರು: "ನೀವು ತಡಾ ಮಾಡಿದ್ರಿ ನೋಡ್ರಿ, ನನಗ ಧೈರ್ಯ ಉಳೀಲಿಲ್ಲ. ಶಿರಹಟ್ಟಿ ಕಡೆ ಗಾಡಿ ತಗೊಂಡು ಹೊಂಟಿದ್ದೆ. ಹೋಗಿದ್ರ ದಾರ್ಯಾಗ ಒಬ್ಬರಿಗೊಬ್ಬರು ತಪ್ಪಿಸಿಕೊಂಡು ಎಲ್ಲಾ ಮುಗೀತಿತ್ತು. ಇಕಿನ ತಡದ್ಲು. ನಿಮ್ಮ ಗಾಡ್ಯಾಗ ಎರಡು ಡಬ್ಬಿ ಚಾಕ್‌ಪೀಸ್ ಇದ್ದುವಲ್ರಿ, ಅವನ್ನ ತೋರಿಸಿ, ಅಬ್ಬಾ, ಇದು ಯಾರೋ ಮಾಸ್ತರ ಗಾಡಿ, ಬರ್ತೀನಂದ್ರ ಬಂದ ಬರ್ತಾರ, ಇಲ್ಲೇ ನಿಂದ್ರು ಅಂದ್ಲು."

ನಾನು ನಕ್ಕು ಕಾರು ಹತ್ತಿದೆ. ಎಡ ತಿರುವಿಗೊಮ್ಮೆ ಕಟಕಟ ಕೇಳುತ್ತ ಊರು ಸೇರಿದೆ. ದಾರಿಯುದ್ದಕ್ಕೂ ಆ ಚಾಕ್‌ಪೀಸಿನ ಡಬ್ಬಿಗಳು ಪಕ್ಕದ ಸೀಟಿನಲ್ಲೇ ಕುಳಿತಿದ್ದವು. ಅವು ಶಾಲೆಯವು. ಮೊಮ್ಮಗಳು ಅಂಗಳದಲ್ಲಿ ಚಿತ್ರ ಬರೆಯಲಿ ಎಂದು ಯಾರಿಗೂ ಹೇಳದೆ ತಂದಿದ್ದೆ. ಬಸ್ಸಿನ ಬಾಗಿಲವರೆಗೆ ಹೋಗಿ ಬಂದ ನನ್ನನ್ನು ಗೊತ್ತಿಲ್ಲದ ಹುಡುಗಿಯೊಬ್ಬಳು ಕದ್ದ ಚಾಕ್‌ಪೀಸ್ ನೋಡಿ ನಂಬಿದ್ದಳು. ನಂಬಿಕೆಗೆ ನಾವು ಯೋಗ್ಯರಾಗುವುದು ಹಲವು ಸಲ ಯಾರೋ ನಮ್ಮನ್ನು ನಂಬಿದ ಮೇಲೆಯೇ ಎಂದು ಕಾಣುತ್ತದೆ. ಮರುದಿನ ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲೇ ಶಾಲೆಗೆ ಹೋಗಿ, ಎರಡೂ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಬಂದೆ.